ಪಟ್ಟಿಯಲ್ಲಿಲ್ಲದ ಹೆಸರುಗಳು

ನಮ್ಮ ಕನ್ನಡ ವಿಭಾಗದ ವಿದ್ಯಾರ್ಥಿಗಳು ಕಳೆದ ವರ್ಷ ಮನೆಮನೆಗೆ ಹೋಗಿ ಸಂಗ್ರಹಿಸಿದ ನೀರಿನ ಪದಗಳ ಕಿರುಕೋಶವನ್ನು ಈ ಪತ್ರಿಕೆಯ ಓದುಗರಲ್ಲಿ ಅನೇಕರು ನೋಡಿರಬಹುದು. ಅದರ ಮೊದಲ ಪ್ರತಿಗಳಲ್ಲಿ ಒಂದು ಪದದ ಕೆಳಗೆ ಅರ್ಥವಿರಬೇಕಾದ ಸ್ಥಳ ಖಾಲಿಯಾಗಿ ಉಳಿದಿತ್ತು. ಅದಕ್ಕೆ ಕಾರಣ ಪದವನ್ನು ತಂದ ವಿದ್ಯಾರ್ಥಿನಿಯಲ್ಲ, ಮುದ್ರಿಸಿದವರೂ ಅಲ್ಲ; ಅವುಗಳನ್ನೆಲ್ಲ ಜೋಡಿಸುವ ಕಂಪ್ಯೂಟರ್ ಸಲಕರಣೆಯನ್ನು ಬರೆದ ನಾನು. ಅದು ಹೇಗಾಯಿತೆಂಬುದನ್ನು ಬರೆದುಕೊಡಬೇಕೆಂದು ಟೀಚರ್ ಹೇಳಿದಾಗ ಸಂಕೋಚವಾಯಿತು. ಕನ್ನಡ ವಿಭಾಗದ ವಾರ್ತಾಪತ್ರಿಕೆಯಲ್ಲಿ ಜಾವಾ ಭಾಷೆಯ ವಿಚಾರವೇಕೆ ಎಂಬ ಅಳುಕೂ ಇತ್ತು. ಆದರೆ ನಡೆದುದೆಲ್ಲವೂ ಹೆಸರುಗಳ ವಿಷಯದಲ್ಲೇ ನಡೆದಿದೆಯಾದ್ದರಿಂದ ಇಲ್ಲಿಯೇ ಹೇಳುವುದು ಸರಿಯೆನಿಸಿತು.

ನಾನು ಈ ಕಾಲೇಜಿನಲ್ಲಿ ವಿಜ್ಞಾನವನ್ನು ಓದಿದವನು; ಕನ್ನಡವು ನನಗೆ ದ್ವಿತೀಯ ಭಾಷೆಯಾಗಿತ್ತು. ಉದ್ಯೋಗಕ್ಕೆ ಸೇರಿದ ಮೇಲೆ ಹಲವು ವರ್ಷ ಮಾಡಿದ ಕೆಲಸವೆಂದರೆ ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ಕಟ್ಟಿಕೊಡುವುದು. ಕಟ್ಟುವುದೆಂದರೆ ಏನೆಂದು ಎರಡು ಮಾತಿನಲ್ಲಿ ಹೇಳಬೇಕು. ಒಂದು ದೊಡ್ಡ ಪ್ರೋಗ್ರಾಮ್ ನೂರಾರು ಕಡತಗಳಲ್ಲಿ ಹರಡಿಕೊಂಡಿರುತ್ತದೆ. ಅವುಗಳನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಪರಿವರ್ತಿಸಬೇಕು, ಪರೀಕ್ಷಿಸಬೇಕು, ಚಿತ್ರಗಳನ್ನೂ ಅಕ್ಷರಗಳನ್ನೂ ಜೊತೆಗಿರಿಸಿ ಒಂದೇ ಗಂಟು ಕಟ್ಟಬೇಕು. ಈ ಕೆಲಸಗಳನ್ನು ಕ್ರಮ ತಪ್ಪದೆ ಮಾಡುವ ಸಲಕರಣೆಗೆ ಬಿಲ್ಡ್ ಟೂಲ್ ಎಂದು ಹೆಸರು. ಈ ಜಾತಿಯ ಹಿರಿಯಜ್ಜ 'ಮೇಕ್'; 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ರಚಿಸಿದರು. ಅದರಲ್ಲಿ ಆಜ್ಞೆಯ ಸಾಲು ಟ್ಯಾಬ್ ಎಂಬ ಅಂತರದಿಂದಲೇ ಆರಂಭವಾಗಬೇಕು. ಟ್ಯಾಬಿನ ಬದಲು ಬರಿಯ ಖಾಲಿ ಜಾಗಗಳಿದ್ದರೆ, ಕಣ್ಣಿಗೆ ಎಲ್ಲವೂ ಸರಿಯಾಗಿ ಕಂಡರೂ ಕೆಲಸ ನಿಂತುಬಿಡುತ್ತದೆ. ಟಾಮ್‌ಕ್ಯಾಟ್ ಎಂಬ ಸರ್ವರನ್ನು ಕಟ್ಟುತ್ತಿದ್ದ ಜೇಮ್ಸ್ ಡಂಕನ್ ಡೇವಿಡ್ಸನ್ ಈ ಬಗೆಯ ಕಿರಿಕಿರಿಗಳಿಂದ ಬೇಸತ್ತು ಜಾವಾದಲ್ಲಿ ಇನ್ನೊಂದು ಸಲಕರಣೆಯನ್ನು ಬರೆದು ಅದನ್ನು ಆಂಟ್ ಎಂದು ಕರೆದರು. ಅಪಾಚೆ ಸಂಸ್ಥೆಯ ಮೂಲಕ ಅದರ 1.1ನೆಯ ಆವೃತ್ತಿ 2000ದ ಜುಲೈ ತಿಂಗಳಲ್ಲಿ ಸ್ವತಂತ್ರವಾಗಿ ಹೊರಬಂದಿತು. ಮತ್ತೊಂದು ಅಚ್ಚುಕಟ್ಟಾದ ಸಲಕರಣೆ ಎಂಬರ್ಥದ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳು ಸೇರಿ ಆ ಹೆಸರಾದುದಂತೆ. ತನ್ನ ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚು ಭಾರವನ್ನು ಹೊರುವ ಇರುವೆಯ ನೆನಪೂ ಅದರೊಳಗೆ ಉಂಟು.

ಇಂದಿನ ಹುಡುಗರು ಆಂಟನ್ನು ಹಳೆಯ ಕಾಲದ್ದೆಂದು ನಗುತ್ತಾರೆ. ಅವರು ಬಳಸುವ ಹೊಸ ಸಲಕರಣೆಗಳು ಬೇರೆಯೇ. ಪದಕೋಶವೊಂದನ್ನು ಜೋಡಿಸಲು ಆಂಟನ್ನು ಬಳಸುವುದೆಂದರೆ ಅಡಕತ್ತರಿಯಿಂದ ತರಕಾರಿ ಹೆಚ್ಚಿದ ಹಾಗೆ ಎಂದು ಸಹೋದ್ಯೋಗಿಯೊಬ್ಬರು ಹಾಸ್ಯವನ್ನೂ ಮಾಡಿದರು. ಒಪ್ಪಿಕೊಳ್ಳುತ್ತೇನೆ. ಆದರೆ ಕೈಗೆ ಪಳಗಿದ ಕತ್ತಿ ಅದೊಂದೇ ಆಗಿತ್ತು. ಟೀಚರ್ ಕೊಟ್ಟ ಅವಧಿಯೂ ಚಿಕ್ಕದು.

ಆಂಟಿಗೆ ಕೆಲಸವನ್ನು ಹೇಳುವುದು ಎಕ್ಸ್‌ಎಂಎಲ್ ಎಂಬ ಬರಹಕ್ರಮದಲ್ಲಿ. ಒಂದು ಹೆಸರಿನಿಂದ ತೆರೆದು ಅದೇ ಹೆಸರಿನಿಂದ ಮುಚ್ಚುವ ಭಾಗಕ್ಕೆ ಎಲಿಮೆಂಟ್ ಎನ್ನುತ್ತಾರೆ. ನಾನು ಇಲ್ಲಿ ಅದನ್ನು ಅಂಶವೆಂದು ಕರೆಯುತ್ತೇನೆ. ಒಂದು ಅಂಶದ ಹೊಟ್ಟೆಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಹೀಗೆ ಇರಬಹುದು. ಅವು ಒಳ ಅಂಶಗಳು. ಆಂಟಿನ ಸೊಗಸೆಂದರೆ ಅದು ಕೊಟ್ಟಿರುವ ಕೆಲಸಗಳ ಜೊತೆಗೆ ನಮಗೆ ಬೇಕಾದ ಹೊಸ ಕೆಲಸವೊಂದನ್ನು ಜಾವಾದಲ್ಲಿ ಬರೆದು ಅದಕ್ಕೆ ನಮ್ಮದೇ ಹೆಸರನ್ನು ಇಡಬಹುದು. ಎಕ್ಸ್‌ಎಂಎಲ್ ತನ್ನ ಹೆಸರುಗಳಲ್ಲಿ ಕನ್ನಡದ ಅಕ್ಷರಗಳನ್ನು ಆರಂಭದಿಂದಲೂ ಒಪ್ಪುತ್ತದೆ, ಜಾವಾ ಕೂಡ ಒಪ್ಪುತ್ತದೆ. ಹೀಗಾಗಿ ನಾನು ನನ್ನ ಕೆಲಸಕ್ಕೆ 'ಪದಕೋಶ' ಎಂದೇ ಹೆಸರಿಟ್ಟೆ. ಇಂಗ್ಲಿಷಿನ ಗೋಡೆಯೊಂದರಲ್ಲಿ ಕನ್ನಡದ ಕಿಟಕಿಯೊಂದನ್ನು ಕೊರೆದ ಸಂತೋಷ ಅಂದು ನನಗಾಗಿತ್ತು. ವಿದ್ಯಾರ್ಥಿಗಳು ತಮ್ಮ ತಮ್ಮ ಕಡತಗಳಲ್ಲಿ 'ಪದಕೋಶ'ದ ಒಳಗೆ 'ಪದ', 'ಅರ್ಥ', 'ಬಳಕೆ', 'ಊರು' ಎಂಬ ಅಂಶಗಳನ್ನು ತುಂಬಿ ಕಳುಹಿಸಬೇಕು. ಮುಖ್ಯ ಕಡತವು ಅವುಗಳನ್ನು ಒಂದೊಂದಾಗಿ ಕರೆದು ಪುಟಗಳನ್ನು ತಯಾರಿಸುತ್ತದೆ. ಇದು ನನ್ನ ಯೋಜನೆ.

ಒಳ ಅಂಶವೊಂದು ಎದುರಾದಾಗ ಆಂಟ್ ಏನು ಮಾಡುತ್ತದೆ ಎಂಬುದರಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿದೆ. ಅದು ನಾವು ಬರೆದ ಜಾವಾ ವರ್ಗವನ್ನು ತೆರೆದು ಅದರಲ್ಲಿರುವ ವಿಧಾನಗಳ ಹೆಸರುಗಳನ್ನು ಓದುತ್ತದೆ. 'ಅರ್ಥ' ಎಂಬ ಒಳ ಅಂಶ ಬಂದರೆ, 'ಕ್ರಿಯೇಟ್' ಎಂಬ ಪದದ ಮುಂದೆ 'ಅರ್ಥ' ಸೇರಿರುವ ಅಥವಾ 'ಆಡ್' ಎಂಬುದರ ಮುಂದೆ 'ಅರ್ಥ' ಸೇರಿರುವ ವಿಧಾನ ಇದೆಯೇ ಎಂದು ಹುಡುಕುತ್ತದೆ. ಇದ್ದರೆ ಅದನ್ನು ಕರೆದು ಮಗುವನ್ನು ತಾಯಿಯ ಮಡಿಲಿಗೆ ಹಾಕುತ್ತದೆ. ಇಲ್ಲದಿದ್ದರೆ ಅಲ್ಲಿಯೇ ನಿಲ್ಲುತ್ತದೆ, ಇಂಥ ಒಳ ಅಂಶಕ್ಕೆ ಇಲ್ಲಿ ಅವಕಾಶವಿಲ್ಲವೆಂದು ಇಂಗ್ಲಿಷಿನಲ್ಲಿ ಒಂದು ಸಾಲನ್ನು ಬರೆದು ಇಡೀ ಕೆಲಸವನ್ನೇ ಕೈಬಿಡುತ್ತದೆ. ಎಂದರೆ ಬರಬಹುದಾದ ಪ್ರತಿಯೊಂದು ಹೆಸರನ್ನೂ ಸಲಕರಣೆಯನ್ನು ಬರೆಯುವವನು ಮೊದಲೇ ಬಲ್ಲವನಾಗಿರಬೇಕು. ನಾನು ನಾಲ್ಕನ್ನು ಬಲ್ಲವನಾಗಿದ್ದೆ. ನೀರಿನ ಪದಗಳಿಗೆ ನಾಲ್ಕು ಸಾಕೆಂದು ನನ್ನ ಎಣಿಕೆ.

ವಿದ್ಯಾರ್ಥಿಗಳು ಹೋದದ್ದು ಬಾಯಾರು, ಎಣ್ಮಕಜೆ ಮೊದಲಾದ ಗುಡ್ಡದ ಕಡೆಯ ಊರುಗಳಿಗೆ. ಕಾಸರಗೋಡಿನ ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ಈ ಕಡೆ ಸುರಂಗವೆಂದರೆ ರೈಲು ಹೋಗುವ ದಾರಿಯಲ್ಲ. ಮುರಕಲ್ಲಿನ ಗುಡ್ಡದ ಬದಿಯಿಂದ ಅಡ್ಡಲಾಗಿ, ಒಬ್ಬ ಮನುಷ್ಯನು ಬಗ್ಗಿ ನಡೆಯುವಷ್ಟು ಎತ್ತರದಲ್ಲಿ, ನೀರು ಸಿಗುವವರೆಗೆ ಕೊರೆದುಕೊಂಡು ಹೋದ ಮಾಟೆ ಅದು. ಒಳಗೆ ಹಿಡಿದ ದೀಪ ನಂದಲು ತೊಡಗಿದರೆ ಗಾಳಿ ಸಾಲದೆಂದು ತಿಳಿದು ಹಿಂದೆ ಬರಬೇಕು. ಉದ್ದವನ್ನು ಹೇಳುವುದು ಕೋಲಿನ ಲೆಕ್ಕದಲ್ಲಿ. ಎದುರಿಗೆ ಗಟ್ಟಿ ಕಲ್ಲು ಬಂದರೆ, ಅಥವಾ ಪಕ್ಕದ ಗೋಡೆಯಲ್ಲಿ ಹೆಚ್ಚು ತೇವ ಕಂಡರೆ, ಅಲ್ಲಿಂದ ಒಂದು ಕವಲನ್ನು ಹೊರಡಿಸುತ್ತಾರೆ. ಆ ಕವಲಿಗೂ ಮತ್ತೊಂದು ಕವಲು ಹುಟ್ಟಬಹುದು. ಕೊರೆಯಲು ತೊಡಗುವ ದಿನ ಎಷ್ಟು ಕವಲು, ಯಾವ ದಿಕ್ಕಿಗೆ ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಹಾಗೆ ಬಂದ ನೀರು ದಂಬೆಯಲ್ಲಿ ಹರಿದು ತೊಟ್ಟಿಗೋ ಕೆರೆಗೋ ಬೀಳುತ್ತದೆ. ಇವುಗಳಲ್ಲದೆ ತೋಡು, ತೋಡಿಗೆ ಹಾಕುವ ಕಟ್ಟ, ಮಳೆನೀರು ನಿಲ್ಲುವ ಮದಕ, ಪಳ್ಳ. ಒಂದೊಂದು ಮನೆಯಲ್ಲಿ ಒಂದೊಂದು ಮಾತು: ತುಳು, ಹವ್ಯಕ ಕನ್ನಡ, ಮಲಯಾಳ, ಬ್ಯಾರಿ, ಮರಾಟಿ, ಕೊಂಕಣಿ. ವಸ್ತು ಒಂದೇ ಆದರೂ ಹೆಸರು ಒಂದೇ ಅಲ್ಲ. ಕನ್ನಡವೆಂದು ನಾವು ತಿಳಿದುಕೊಂಡ ಪದವನ್ನು ಪಕ್ಕದ ಮನೆಯವರು ತಮ್ಮ ತುಳುವೆಂದೂ ಅದರಾಚೆಯವರು ತಮ್ಮ ಮಲಯಾಳವೆಂದೂ ಹೇಳುವುದು ಇಲ್ಲಿ ಸಾಮಾನ್ಯ.

ಮೊದಲ ಕಡತ ಬಂದ ದಿನವೇ ನನ್ನ ಸಲಕರಣೆ ನಿಂತಿತು. ವಿದ್ಯಾರ್ಥಿನಿಯೊಬ್ಬಳು 'ಸುರಂಗ' ಎಂಬ ಅಂಶದ ಒಳಗೆ 'ಕವಲು' ಎಂದು ಬರೆದಿದ್ದಳು; ಆ ಕವಲಿನ ಒಳಗೆ ಮತ್ತೆ 'ಕವಲು'. ಪ್ರತಿಯೊಂದಕ್ಕೂ ಎಷ್ಟು ಕೋಲು ಉದ್ದವೆಂಬ ಸೂಚನೆಯಿತ್ತು. ಅವಳ ಅಜ್ಜ ಹರೆಯದಲ್ಲಿ ಸುರಂಗ ಕೊರೆಯುತ್ತಿದ್ದವರು. ಅವರು ಹೇಳಿದ ಕ್ರಮದಲ್ಲೇ ಬರೆದುಕೊಂಡು ಬಂದಿದ್ದಳು. ಎರಡನೆಯ ಕಡತದಲ್ಲಿ 'ತುಳುವಿನಲ್ಲಿ', 'ಮಲಯಾಳದಲ್ಲಿ' ಎಂಬ ಅಂಶಗಳು, ಮೂರನೆಯದರಲ್ಲಿ 'ಗಾದೆ'. ನಾನು ಪ್ರತಿಯೊಂದಕ್ಕೂ ಹೊಸ ವಿಧಾನವನ್ನು ಬರೆಯುತ್ತ ಹೋದೆ. ನಾಲ್ಕು ಇದ್ದದ್ದು ಹದಿನೈದಾಯಿತು. ಸಂಜೆ ಒಂದನ್ನು ಸೇರಿಸಿದರೆ ಮರುದಿನ ಬೆಳಿಗ್ಗೆ ಇನ್ನೆರಡು. ಕೊನೆಗೆ ಬೇಸರದಿಂದ, ಇನ್ನು ಮುಂದೆ ನನ್ನ ಪಟ್ಟಿಯಲ್ಲಿಲ್ಲದ ಯಾವುದನ್ನೇ ಆದರೂ 'ಇತರ' ಎಂಬ ಅಂಶದೊಳಗೆ ಹಾಕಬೇಕೆಂದು ಎಲ್ಲರಿಗೂ ತಿಳಿಸಿಬಿಟ್ಟೆ.

ಟೀಚರ್ ಫೋನ್ ಮಾಡಿದರು. ಅವರು ಗದರಿಸುವವರಲ್ಲ. "ಇತರ ಅಂತ ಒಂದು ಕಾಲಮು ಉಂಟಲ್ಲ, ಅದನ್ನು ನಾವು ಎಷ್ಟು ಫಾರ್ಮಿನಲ್ಲಿ ತುಂಬಿದ್ದೇವೆ ಅಂತ ನಿನಗೆ ಗೊತ್ತಿಲ್ವಾ? ನಮ್ಮ ಮಕ್ಕಳ ಹತ್ರ ನೀನೂ ಅದನ್ನೇ ತುಂಬಿಸ್ತೀಯಾ?" ಎಂದು ಕೇಳಿದರು.

1956ರ ನವೆಂಬರ್ 1ರಂದು ಗಡಿಯ ಗೆರೆ ಬಿದ್ದಂದಿನಿಂದ ಇಲ್ಲಿನ ಕನ್ನಡಿಗರು ತುಂಬಿದ ಅರ್ಜಿಗಳ ನೆನಪಿದ್ದವರಿಗೆ ಆ ಮಾತಿನ ಮೊನೆ ತಿಳಿಯುತ್ತದೆ. ನನಗೂ ತಿಳಿಯಿತು. ನನ್ನ ತಂದೆ ಅಂಥ ಅರ್ಜಿಗಳಲ್ಲಿ 'ಇತರ' ಎಂಬುದನ್ನು ಗುರುತು ಮಾಡಿ, ಅದರ ಪಕ್ಕದಲ್ಲಿ ಜಾಗವಿಲ್ಲದಿದ್ದರೂ ಸಣ್ಣ ಅಕ್ಷರಗಳಲ್ಲಿ 'ಕನ್ನಡ' ಎಂದು ಬರೆಯುತ್ತಿದ್ದುದನ್ನು ಕಂಡು ಬೆಳೆದವನು ನಾನು.

ಆ ರಾತ್ರಿ ಆಂಟಿನ ಕೈಪಿಡಿಯನ್ನು ಮತ್ತೆ ತೆರೆದೆ. ವರ್ಷಗಳಿಂದ ಕಂಡೂ ಬಳಸದೆ ಬಿಟ್ಟಿದ್ದ ಒಂದು ಏರ್ಪಾಡು ಅದರಲ್ಲಿತ್ತು: ಡೈನಮಿಕ್ ಎಲಿಮೆಂಟ್. ನಮ್ಮ ಜಾವಾ ವರ್ಗವು ಈ ಒಡಂಬಡಿಕೆಗೆ ಒಪ್ಪಿಕೊಂಡರೆ ಒಂದೇ ಒಂದು ವಿಧಾನವನ್ನು ಬರೆದುಕೊಟ್ಟರೆ ಸಾಕು. ಅದರ ಹೆಸರು ಕ್ರಿಯೇಟ್ ಡೈನಮಿಕ್ ಎಲಿಮೆಂಟ್. ಆಂಟ್ ಮೊದಲಿನಂತೆಯೇ ಆಯಾ ಹೆಸರಿನ ಸ್ವಂತ ವಿಧಾನವಿದೆಯೇ ಎಂದು ಹುಡುಕುತ್ತದೆ. ಸಿಗದಿದ್ದರೆ ಕೈಬಿಡುವ ಮುನ್ನ ಈ ಬಾಗಿಲನ್ನು ತಟ್ಟಿ, ಇಂಥ ಹೆಸರಿನವರು ಬಂದಿದ್ದಾರೆ ಎಂದು ಹೆಸರನ್ನು ಕೊಡುತ್ತದೆ. ಆಗ ನಾವು ಒಂದು ವಸ್ತುವನ್ನು ಸೃಷ್ಟಿಸಿ ಮರಳಿಸಿದರೆ ಅದೇ ಆ ಅಂಶದ ರೂಪ. ಏನನ್ನೂ ಕೊಡದೆ ಶೂನ್ಯವನ್ನು ಮರಳಿಸಿದರೆ ಹಳೆಯ ನಿರಾಕರಣೆಯೇ ಮುಂದುವರಿಯುತ್ತದೆ. ಅಂಶದ ಜೊತೆ ಬರುವ ಉದ್ದ, ಊರು ಮುಂತಾದ ಗುಣಗಳಿಗೂ ಇಂಥದೇ ಇನ್ನೊಂದು ಒಡಂಬಡಿಕೆಯಿದೆ. ಎರಡೂ ಕೂಡಿದುದಕ್ಕೆ ಡೈನಮಿಕ್ ಕಾನ್ಫಿಗರೇಟರ್ ಎಂದು ಹೆಸರು.

ನಾನು 'ಅಂಶ' ಎಂಬ ಒಂದು ವರ್ಗವನ್ನು ಬರೆದೆ. ಅದು ತನ್ನ ಹೆಸರನ್ನೂ ಗುಣಗಳನ್ನೂ ಪಠ್ಯವನ್ನೂ ಮಕ್ಕಳ ಸಾಲನ್ನೂ ಇಟ್ಟುಕೊಳ್ಳುತ್ತದೆ. ಮುಖ್ಯವಾದ ಸಂಗತಿಯೆಂದರೆ ಮಕ್ಕಳೂ ಅದೇ ವರ್ಗದವರಾಗಿರಬೇಕು. ಮೊದಲ ಯತ್ನದಲ್ಲಿ ಇದನ್ನು ಮರೆತು ಮಕ್ಕಳಿಗೆ ಸಾದಾ ವರ್ಗವೊಂದನ್ನು ಕೊಟ್ಟಿದ್ದೆ. ಸುರಂಗದೊಳಗಿನ ಕವಲು ಒಪ್ಪಿತವಾಯಿತು; ಕವಲಿನೊಳಗಿನ ಕವಲಿನಲ್ಲಿ ಕೆಲಸ ಮತ್ತೆ ನಿಂತಿತು. ತಾಯಿ ಅಪರಿಚಿತರನ್ನು ಸ್ವಾಗತಿಸಿದರೆ ಸಾಲದು, ಬಂದವರೂ ತಮ್ಮ ಹಿಂದೆ ಬರುವವರನ್ನು ಸ್ವಾಗತಿಸಬಲ್ಲವರಾಗಿರಬೇಕು. 'ಅಂಶ'ದ ಹೊಟ್ಟೆಯಲ್ಲಿ 'ಅಂಶ'ವೇ ಹುಟ್ಟುವಂತೆ ಮಾಡಿದ ಮೇಲೆ ಎಷ್ಟು ಆಳಕ್ಕೆ ಹೋದರೂ ತೊಡಕಿರಲಿಲ್ಲ. ಆ ವಿದ್ಯಾರ್ಥಿನಿಯ ಅಜ್ಜನ ಸುರಂಗ ಅದರ ಎಲ್ಲ ಕವಲುಗಳೊಡನೆ ಪರದೆಯ ಮೇಲೆ ಮೂಡಿದಾಗ ರಾತ್ರಿ ಒಂದು ಗಂಟೆ ಕಳೆದಿತ್ತು. ಇಡೀ ಮಾರ್ಪಾಟು ನಲವತ್ತು ಸಾಲುಗಳನ್ನು ಮೀರಲಿಲ್ಲ. ಹದಿನೈದು ವಿಧಾನಗಳಲ್ಲಿ ಹನ್ನೊಂದನ್ನು ಅಳಿಸಿಹಾಕಿದೆ.

ಇನ್ನೊಂದು ಸೂಕ್ಷ್ಮವನ್ನು ಇದೇ ಕೆಲಸ ಮಾಡಹೊರಡುವವರಿಗಾಗಿ ಹೇಳಿಬಿಡುತ್ತೇನೆ. ಕ್ರಿಯೇಟ್ ಡೈನಮಿಕ್ ಎಲಿಮೆಂಟ್ ಕರೆಯಲ್ಪಡುವ ಕ್ಷಣದಲ್ಲಿ ಕೈಗೆ ಬರುವುದು ಹೆಸರೊಂದೇ. ಗುಣಗಳು, ಪಠ್ಯ, ಒಳಗಿನ ಮಕ್ಕಳು ಎಲ್ಲವೂ ಆಮೇಲೆ ತುಂಬುತ್ತವೆ. ನಾನು ಅಲ್ಲಿಯೇ ನಿಂತು ಇದರಲ್ಲಿ ಅರ್ಥ ಇದೆಯೇ, ಊರು ಇದೆಯೇ ಎಂದು ಪರೀಕ್ಷಿಸಲು ಹೋಗಿ ಎಲ್ಲವೂ ಬರಿದಾಗಿರುವುದನ್ನು ಕಂಡು ಒಂದು ಗಂಟೆ ತಲೆ ಕೆಡಿಸಿಕೊಂಡೆ. ತೂಗಿ ನೋಡುವುದೇನಿದ್ದರೂ ಎಲ್ಲ ತುಂಬಿದ ಬಳಿಕ, ಕೆಲಸ ನಡೆಯುವ ಕೊನೆಯ ಘಟ್ಟದಲ್ಲಿ. ಹೆಸರನ್ನು ಕೇಳಿದೊಡನೆ ಯೋಗ್ಯತೆಯನ್ನು ನಿರ್ಣಯಿಸುವ ಅಭ್ಯಾಸ ನನಗೆ ಪ್ರೋಗ್ರಾಮಿನ ಹೊರಗೂ ಇದೆಯೆಂದು ಮನೆಯವರ ಅಭಿಪ್ರಾಯ.

ಕನ್ನಡದ ಹೆಸರುಗಳು ತಂದ ರಗಳೆಗಳು ಬೇರೆ. ಆಂಟ್ ಈ ಬಾಗಿಲಿಗೆ ಬರುವ ಹೆಸರುಗಳನ್ನೆಲ್ಲ ಇಂಗ್ಲಿಷಿನ ಚಿಕ್ಕಕ್ಷರಗಳಿಗೆ ಇಳಿಸಿ ಕೊಡುತ್ತದೆ. ನಮ್ಮ ಲಿಪಿಗೆ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲದುದರಿಂದ ಅದೊಂದು ತಲೆನೋವು ತಪ್ಪಿತು. ಆದರೆ ಒಬ್ಬ ಹುಡುಗನು 'ಪಂಪ್‌ಸೆಟ್' ಎಂಬ ಅಂಶವನ್ನು ಬರೆದಾಗ ನನ್ನ ಬಾಗಿಲಿನವರೆಗೂ ಬರದೆ ಕಡತವು ಹೆಬ್ಬಾಗಿಲಲ್ಲೇ ನಿಂತಿತು. ಪಕಾರದ ಕೆಳಗೆ ಸಕಾರ ಒತ್ತಾಗದಂತೆ ತಡೆಯಲು ನಾವು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಹಾಕುತ್ತೇವಲ್ಲ, ಅದನ್ನು ಎಕ್ಸ್‌ಎಂಎಲ್‌ನ ಹಳೆಯ ನಿಯಮ ಹೆಸರುಗಳೊಳಗೆ ಬಿಡುವುದಿಲ್ಲ. 2008ರಲ್ಲಿ ಬಂದ ಐದನೆಯ ಆವೃತ್ತಿಯ ನಿಯಮ ಬಿಡುತ್ತದೆ. ಆದರೆ ನನ್ನ ಜಾವಾದೊಡನೆ ಬಂದ ಓದುಗ ಹಳೆಯ ನಿಯಮದವನು. ಹವ್ಯಕರ ಹುಡುಗಿಯೊಬ್ಬಳು ತಮ್ಮ ಮಾತಿನ ಮೂಗುಸ್ವರವನ್ನು ಬರೆಯುವ ಸಣ್ಣ ಸೊನ್ನೆಯನ್ನು ಉಳಿಸಿ 'ಅಜ್ಜ°' ಎಂದೇ ಅಂಶಕ್ಕೆ ಹೆಸರಿಟ್ಟಿದ್ದಳು. ಆ ಸೊನ್ನೆಗೂ ಪ್ರವೇಶವಿಲ್ಲ. ಇಂಥವನ್ನು ಹೆಸರಿನ ಸ್ಥಾನದಿಂದ ತೆಗೆದು ಗುಣದ ಬೆಲೆಯಾಗಿ, ಉದ್ಧರಣ ಚಿಹ್ನೆಯೊಳಗೆ ಬರೆಯುವಂತೆ ಹೇಳಬೇಕಾಯಿತು. ಅಲ್ಲಿ ಯಾವ ಅಡ್ಡಿಯೂ ಇಲ್ಲ. ಇನ್ನು 'ತೋಡು' ಎಂಬ ಹೆಸರು ಲೆಕ್ಕದಲ್ಲಿ ಎರಡು ಬೇರೆ ಬೇರೆ ಹೆಸರುಗಳಾಗಿ ಬಂದಿತ್ತು. ಕಣ್ಣಿಗೆ ಎರಡೂ ಒಂದೇ. ಒಂದರಲ್ಲಿ ಓಕಾರದ ಚಿಹ್ನೆ ಒಂದೇ ಸಂಕೇತವಾಗಿಯೂ ಇನ್ನೊಂದರಲ್ಲಿ ಬಿಡಿ ತುಂಡುಗಳಾಗಿಯೂ ಇತ್ತು. ಜಾವಾದ ನಾರ್ಮಲೈಸರ್ ಎಂಬುದರಿಂದ ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತಂದ ಮೇಲೆ ಎರಡು ತೋಡುಗಳು ಒಂದಾದವು. 'ಮೇಕ್'ನ ಟ್ಯಾಬಿನ ಕಥೆಯನ್ನು ಓದಿ ನಕ್ಕವನಿಗೆ ಕನ್ನಡದಲ್ಲೂ ಅದೇ ಕಥೆ ಕಾದಿತ್ತು.

ಇಷ್ಟಾದ ಮೇಲೆ ಕಡತಗಳು ಸರಾಗವಾಗಿ ಬಂದವು. ಯಾವ ಹೆಸರನ್ನು ಬರೆದರೂ ಸಲಕರಣೆ ನಿಲ್ಲಲಿಲ್ಲ. ವಿದ್ಯಾರ್ಥಿಗಳು ಸಂತೋಷಪಟ್ಟರು. ನಾನು ಬೀಗಿದೆ.

ಪುಸ್ತಿಕೆಯ ಪುಟಗಳಿಗೆ ಮಿತಿಯಿತ್ತು. ಬಂದ ಹೊಸ ಹೆಸರುಗಳೆಲ್ಲವನ್ನೂ ಅಚ್ಚು ಹಾಕಲು ಸಾಧ್ಯವಿರಲಿಲ್ಲ. ಆದುದರಿಂದ ಯಾವ ಯಾವ ಅಂಶಗಳು ಮುದ್ರಣಕ್ಕೆ ಹೋಗಬೇಕೆಂದು ನಾನು ಒಂದು ಪಟ್ಟಿಯನ್ನು ಬರೆದು ಪುಟ ಕಟ್ಟುವ ಭಾಗಕ್ಕೆ ಕೊಟ್ಟೆ: ಪದ, ಅರ್ಥ, ಬಳಕೆ, ಊರು, ಕವಲು, ತುಳುವಿನಲ್ಲಿ, ಹೀಗೆ. ಹೊರಬಾಗಿಲಿನಲ್ಲಿ ಕಿತ್ತೊಗೆದ ಪಟ್ಟಿಯನ್ನು ಒಳಕೋಣೆಯಲ್ಲಿ ನಾನೇ ತಂದು ತೂಗುಹಾಕಿದ್ದೆನೆಂಬುದು ಆಗ ಹೊಳೆಯಲಿಲ್ಲ. ಅರ್ಥವಿಲ್ಲದ ನಮೂದುಗಳನ್ನು ತಡೆಯುವ ಪರೀಕ್ಷೆಯನ್ನೂ ತೆಗೆದುಹಾಕಿದ್ದೆ. ಏಕೆಂದರೆ ಕೆಲವು ಪದಗಳಿಗೆ ಅರ್ಥಕ್ಕಿಂತ ಬಳಕೆಯ ವಾಕ್ಯವೇ ಸಾಕೆಂದು ಟೀಚರ್ ಹೇಳಿದ್ದರು.

ಪ್ರತಿಗಳು ಬಂದ ವಾರದಲ್ಲಿ ಆ ವಿದ್ಯಾರ್ಥಿನಿಯ ಮನೆಗೆ ನಾವು ಮೂವರು ಹೋದೆವು. ಅಜ್ಜನಿಗೆ ಒಂದು ಪ್ರತಿಯನ್ನು ಕೊಡಬೇಕಾಗಿತ್ತು. ಅವರಿಗೆ ಈಗ ಕಣ್ಣು ಮಂದ. ಜಗಲಿಯಲ್ಲಿ ಕುಳಿತು ಮೊಮ್ಮಗಳ ಕೈಯಲ್ಲಿ ಓದಿಸಿದರು. ಸುರಂಗದ ಪುಟವನ್ನು ಎರಡು ಸಲ ಓದಿಸಿಕೊಂಡರು; ಕವಲುಗಳ ಕೋಲಿನ ಲೆಕ್ಕವನ್ನು ಬೆರಳಿನಲ್ಲಿ ಎಣಿಸಿ ಸರಿಯೆಂದು ತಲೆಯಾಡಿಸಿದರು. ಮತ್ತೆ ಅವಳು "ದಂಬೆ" ಎಂದು ಓದಿ, ಊರಿನ ಹೆಸರನ್ನು ಓದಿ, ಸುಮ್ಮನಾದಳು.

"ಮುಂದೆ ಓದು," ಎಂದರು.

"ಇಷ್ಟೇ ಇರುವುದು ಅಜ್ಜ."

"ನಾನು ಹೇಳಿದ್ದೆನಲ್ಲ? ಅಡಕೆಮರವನ್ನು ಸೀಳಿ, ಒಳಗಿನ ತಿರುಳು ತೆಗೆದು, ಹೇಗೆ ಇಡಬೇಕು, ಎಷ್ಟು ಇಳಿಜಾರು ಬೇಕು, ಎಲ್ಲ ಹೇಳಿದ್ದೆ." ಒಂದು ಕ್ಷಣ ಬಿಟ್ಟು ನನ್ನ ಕಡೆಗೆ ತಿರುಗಿ ನಕ್ಕರು. "ನಮ್ಮ ಮಾತಿಗೆ ಅರ್ಥ ಇಲ್ಲವಾ ಮಾಷ್ಟ್ರೇ?"

ಅವರು ತಮಾಷೆಗೇ ಹೇಳಿದ್ದು. ಅವರ ಮೊಮ್ಮಗಳಿಗೆ ಹಾಗೆ ಕೇಳಿಸಲಿಲ್ಲ. ಅವಳು ಪುಸ್ತಿಕೆಯನ್ನು ಮಡಚಿ ಒಳಗೆ ಹೋದವಳು ನಾವು ಹೊರಡುವವರೆಗೂ ಬರಲಿಲ್ಲ.

ಮನೆಗೆ ಬಂದು ಅವಳ ಕಡತವನ್ನು ತೆರೆದು ನೋಡಿದೆ. ಅಜ್ಜ ಹೇಳಿದ್ದೆಲ್ಲ ಅದರಲ್ಲಿತ್ತು, ಒಂಬತ್ತು ಸಾಲುಗಳಲ್ಲಿ. ಅಂಶದ ಹೆಸರು ಮಾತ್ರ 'ಅರ್ಥ' ಎಂದಿರುವುದರ ಬದಲು 'ಅರ್ತ' ಎಂದಿತ್ತು. ಕೆ. ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಶಿಫ್ಟ್ ಒತ್ತುವುದನ್ನು ಬೆರಳು ಮರೆತರೆ ಥಕಾರ ತಕಾರವಾಗುತ್ತದೆ, ಯಾರಿಗೂ ಆಗುವಂಥದು. ತೆರೆಯುವಲ್ಲೂ ಮುಚ್ಚುವಲ್ಲೂ ಹೆಸರು ಹೊಂದಬೇಕಷ್ಟೆ. ಒಂದನ್ನು ನಕಲು ಮಾಡಿ ಇನ್ನೊಂದನ್ನು ಬರೆದಿದ್ದರಿಂದ ಎರಡೂ ಕಡೆ 'ಅರ್ತ'ವೇ ಇತ್ತು. ನನ್ನ ಹಳೆಯ, ಹಟಮಾರಿ ಸಲಕರಣೆಯಾಗಿದ್ದರೆ ಅಲ್ಲಿಯೇ ನಿಂತು ಕೂಗುತ್ತಿತ್ತು. ಆಗ ಅವಳು ಒಂದು ಅಕ್ಷರವನ್ನು ತಿದ್ದುತ್ತಿದ್ದಳು, ಮುಗಿಯುತ್ತಿತ್ತು. ಹೊಸದು ಎಲ್ಲರನ್ನೂ ಒಳಗೆ ಬಿಡುವಂಥದು. 'ಅರ್ತ' ಎಂಬ ಹೊಸ ಅತಿಥಿಯನ್ನೂ ನಗುನಗುತ್ತ ಬರಮಾಡಿಕೊಂಡು ಒಳಗೆ ಕೂರಿಸಿತು. ಊಟದ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲವಾದುದರಿಂದ ಎಲೆ ಹಾಕಲಿಲ್ಲ. ಮುಖಕ್ಕೆ ಹೊಡೆದಂತೆ ಬಾಗಿಲು ಮುಚ್ಚುವುದಕ್ಕಿಂತ ಇದು ಹೆಚ್ಚು ಕ್ರೂರವೆಂದು ನನಗೆ ತೋರಿತು, ಏಕೆಂದರೆ ಬಂದವರಿಗೆ ತಮ್ಮನ್ನು ಬಿಟ್ಟುಬಿಟ್ಟಿದ್ದಾರೆಂಬುದೇ ತಿಳಿಯುವುದಿಲ್ಲ. ಹುಡುಕಿದಾಗ ಹೀಗೆ ನುಂಗಿಹೋದವು ಇನ್ನೂ ನಾಲ್ಕು ಸಿಕ್ಕಿದವು: ಒಂದು 'ಬಳೆಕೆ', ಒಂದು 'ಊರ', ಎರಡು ಮತ್ತೆ 'ಅರ್ತ'. ಅವುಗಳ ಬಗ್ಗೆ ಯಾರೂ ನನ್ನನ್ನು ಕೇಳಿರಲಿಲ್ಲ.

ಮುಂದೇನು ಮಾಡುವುದೆಂದು ಸಹೋದ್ಯೋಗಿಗಳನ್ನು ಕೇಳಿದೆ. ಹಳೆಯ ಕ್ರಮಕ್ಕೆ ಮರಳಿ ಹೋಗು, ಹೆಸರುಗಳ ಪಟ್ಟಿಯನ್ನು ಬಿಗಿ ಮಾಡು ಎಂದರು. ಪಟ್ಟಿ ಬಿಗಿಯಾಗಿದ್ದರೆ 'ಕವಲು' ಬರುತ್ತಿರಲಿಲ್ಲ. ಬಲ್ಲ ಹೆಸರಿಗೆ ಹತ್ತಿರವಿರುವ ಹೆಸರನ್ನು ಸಲಕರಣೆಯೇ ತಿದ್ದಿಕೊಳ್ಳಲಿ ಎಂದು ಇನ್ನೊಬ್ಬರ ಸಲಹೆ. ಒಂದೆರಡು ಅಕ್ಷರ ವ್ಯತ್ಯಾಸವಾದರೆ ತಪ್ಪೆಂದು ತಿಳಿಯುವ ಲೆಕ್ಕಾಚಾರವೇನೋ ಸುಲಭ. ಆದರೆ ಈ ನೆಲದಲ್ಲಿ ಒಂದು ಅಕ್ಷರದ ವ್ಯತ್ಯಾಸ ಬೆರಳಿನ ತಪ್ಪೋ ಬೇರೊಂದು ಮನೆಯ ಮಾತೋ ಎಂದು ಯಂತ್ರ ಹೇಗೆ ಹೇಳೀತು? ಮನೆಮಾತನ್ನು ಗ್ರಾಂಥಿಕಕ್ಕೆ ತಿದ್ದಿಬಿಡುವ ಪಂಡಿತರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅವರ ಸಾಲಿಗೆ ಒಂದು ಯಂತ್ರವನ್ನೂ ಸೇರಿಸಲು ಮನಸ್ಸಾಗಲಿಲ್ಲ.

ಕೊನೆಗೆ ಮಾಡಿದ್ದು ಇಷ್ಟು. ಕ್ರಿಯೇಟ್ ಡೈನಮಿಕ್ ಎಲಿಮೆಂಟ್ ಈಗಲೂ ಎಲ್ಲರನ್ನೂ ಒಳಗೆ ಬಿಡುತ್ತದೆ. ಜೊತೆಗೆ, ಮೊದಲ ಸಲ ಬಂದ ಪ್ರತಿಯೊಂದು ಹೆಸರನ್ನೂ, ಅದು ಯಾವ ಕಡತದಲ್ಲಿ, ಯಾರ ಹೊಟ್ಟೆಯೊಳಗೆ, ಎಷ್ಟು ಸಲ ಬಂದಿತೆಂಬ ವಿವರದೊಡನೆ ಒಂದು ಪುಸ್ತಕದಲ್ಲಿ ಬರೆದಿಡುತ್ತದೆ. ಕೆಲಸದ ಕೊನೆಯ ಘಟ್ಟದಲ್ಲಿ, ಎಲ್ಲ ತುಂಬಿದ ಮೇಲೆ, ಆ ಪುಸ್ತಕದಲ್ಲಿ ನಾವು ಯಾರೂ ನೋಡಿ ಒಪ್ಪಿಗೆ ಹಾಕದ ಹೆಸರು ಒಂದಾದರೂ ಉಳಿದಿದ್ದರೆ ಮುದ್ರಣದ ಪುಟಗಳನ್ನು ಕಟ್ಟುವುದಿಲ್ಲ. ಒಪ್ಪಿಗೆ ಹಾಕುವವರು ನಾನಲ್ಲ. ಪದವನ್ನು ತಂದ ವಿದ್ಯಾರ್ಥಿಯೂ ಟೀಚರೂ ಕುಳಿತು ಹಾಕಬೇಕು. ಮುದ್ರಣದ ಪಟ್ಟಿಯೂ ತಲೆಕೆಳಗಾಗಿದೆ. ಯಾವುದು ಹೋಗಬೇಕೆಂದು ಬರೆಯುವ ಬದಲು ಯಾವುದನ್ನು ಬಿಡುತ್ತಿದ್ದೇವೆ ಎಂದು ಬರೆಯುತ್ತೇವೆ, ಬಿಟ್ಟವುಗಳ ಹೆಸರುಗಳನ್ನು ಪುಸ್ತಿಕೆಯ ಕೊನೆಯ ಪುಟದಲ್ಲಿ ಅಚ್ಚು ಹಾಕುತ್ತೇವೆ. ಇದರಿಂದ ಕೆಲಸ ನಿಧಾನವಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಎರಡನೆಯ ಮುದ್ರಣ ಮಳೆಗಾಲಕ್ಕೆ ಮುಂಚೆ ಬರಬೇಕಾಗಿದ್ದುದು ನವರಾತ್ರಿ ಕಳೆದು ಬಂದಿತು. ದಂಬೆಯ ಒಂಬತ್ತು ಸಾಲುಗಳು ಅದರಲ್ಲಿ ಪೂರ್ತಿಯಾಗಿವೆ. ಅಜ್ಜನಿಗೆ ಓದಿ ಹೇಳಿದಾಗ ಇಳಿಜಾರಿನ ಮಾತಿನಲ್ಲಿ ಒಂದು ತಿದ್ದುಪಡಿಯನ್ನು ಸೂಚಿಸಿದ್ದಾರೆ. ಅದು ಮೂರನೆಯ ಮುದ್ರಣಕ್ಕೆ.

ಈ ಬರಹವನ್ನು ಮುಗಿಸುವ ಹೊತ್ತಿಗೆ ಪುಸ್ತಕದಲ್ಲಿ ಹನ್ನೆರಡು ಹೆಸರುಗಳು ಒಪ್ಪಿಗೆಗೆ ಕಾದಿವೆ. ಅವುಗಳಲ್ಲಿ ಒಂದು ಆ ವಿದ್ಯಾರ್ಥಿನಿಯದೇ ಕಡತದ್ದು: 'ಸುರಂಗ'ದೊಳಗಿನ 'ಕವಲು', ಅದರೊಳಗೆ 'ಕವಳು'. ನಿನ್ನೆ ಫೋನ್ ಮಾಡಿ ಕೇಳಿದೆ, ಇದು ತಪ್ಪಾ, ಬೇರೆಯದಾ ಎಂದು.

"ನನಗೂ ಸರಿ ಗೊತ್ತಿಲ್ಲ ಸರ್," ಎಂದಳು. "ಅಜ್ಜ ತೋಟಕ್ಕೆ ಹೋಗಿದ್ದಾರೆ. ಬಂದ ಮೇಲೆ ಕೇಳಿ ಹೇಳ್ತೇನೆ."